ನಮ್ಮ ಪಾರ್ಕಿನ ಗೇಟ್ ಕಂಡಿರಾ?

ಹೋದ ತಿಂಗಳು ಒಂದು ಸಂಜೆ, ಉಳ್ಳಾಗಡ್ಡಿ ಚೀಲ ಹೇರಿದ ಟೆಂಪೊ ಒಂದು ನನ್ನ ಅಕ್ಕನ ಮಗಳು ಪಿಂಕಿಯ ಎದುರು ಕಿರ್ರೆಂದು ನಿಂತಿತು. ನಡುವೆ ಉಳಿದದ್ದು ಮೂರು ಅಡಿ ಜಾಗ ಮತ್ತು ಒಂದು ಕೆಂಪು ಚೆಂಡು.

ಪಿಂಕಿಗೆ ನಾಲ್ಕು ವರ್ಷ. ಚೆಂಡು ಪಾರ್ಕಿನಿಂದ ರಸ್ತೆಗೆ ಉರುಳಿತು, ಅದರ ಹಿಂದೆ ಅವಳೂ ಓಡಿದಳು. ನಾನು? ಬೆಂಚಿನ ಮೇಲೆ ಕುಳಿತು ಫೋನ್ ನೋಡುತ್ತಿದ್ದೆ. (ಮನೆಯಲ್ಲಿ ‘ಯಾವುದೋ ಕೂಸು ಓಡಿತ್ತು’ ಎಂದಷ್ಟೇ ಹೇಳಿದೆ.)

ಟೆಂಪೊದವನು ಬೈಯಲಿಲ್ಲ. ಚೆಂಡು ತಂದು ಕೈಗಿಟ್ಟ. “ಕೂಸಿಗೆ ತಿಳಿಯಂಗಿಲ್ಲ, ಖರೆ. ಒಂದು ಗೇಟ್ ಹಾಕಬೇಕಂತ ದೊಡ್ಡೋರಿಗರೆ ತಿಳೀಬಾರದೇನ್ರಿ ಅಕ್ಕಾರ?”

ಗೇಟ್ ಇತ್ತು. ಗದಗಿನ ನಮ್ಮ ಕಾಲೊನಿಯ ಈ ಪುಟ್ಟ ಪಾರ್ಕಿನಲ್ಲಿ ಎರಡು ವರ್ಷದ ಹಿಂದೆ ಯಾರದೋ ಮದುವೆ ಊಟ ನಡೆಯಿತು. ಪಾತ್ರೆಯ ಗಾಡಿ ಒಳಗೆ ಹೋಗಲೆಂದು ಗೇಟ್ ಕಳಚಿ ಗೋಡೆಗೆ ಒರಗಿಸಿದರು. ಊಟ ಮುಗಿಯಿತು, ಗೇಟ್ ಮಾಯವಾಯಿತು. ಹೋಳಿಗೆ ಉಂಡ ನಾವ್ಯಾರೂ ಕೇಳಲಿಲ್ಲ.

ಟೆಂಪೊ ನೋಡಿದ ಮೇಲೆ ನನಗೆ ನಾಗರಿಕ ಪ್ರಜ್ಞೆ ಬಂತು. ‘ಪಾರ್ಕಿನ ಗೇಟನ್ನು ಸಮಾಜಘಾತುಕರು ಕದ್ದೊಯ್ದಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ನಗರಸಭೆಗೆ ಅರ್ಜಿ ಬರೆದೆ. (ಎಂ.ಎ. ಓದಿದ್ದು ಸಾರ್ಥಕವಾಯಿತು.) ಅಪ್ಪ ಓದಿ ಮೆಚ್ಚಿದರು. ‘ಸಮಾಜಘಾತುಕರು’ ಪದದ ಕೆಳಗೆ ಗೆರೆ ಎಳೆಯಲು ಹೇಳಿದರು.

ಅರ್ಜಿಗೆ ಉತ್ತರ ಬರುವವರೆಗೆ ಮಕ್ಕಳು ಕಾಯುತ್ತಾರೆಯೇ? ಅಕ್ಕಪಕ್ಕದವರೆಲ್ಲ ಸೇರಿ ಹೊಸ ಗೇಟ್ ಮಾಡಿಸಲು ನಿರ್ಧರಿಸಿದೆವು. ಹಳೆಯದನ್ನು ಮಾಡಿದ್ದ ವೆಲ್ಡರ್ ಮಕ್ತುಮ್ ಚಾಚಾ, ಕೂಸು ರಸ್ತೆಗೆ ಓಡಿದ ಸುದ್ದಿ ಕೇಳಿ, ಬಂದು ಅಳತೆ ತೆಗೆದರು. ಅಪ್ಪ ಅವರನ್ನು ಚಹಾಕ್ಕೆ ಕರೆದರು.

ನಮ್ಮ ಮನೆಯ ಮುಂದೆ ಗಟಾರ. ಅದರ ಮೇಲೆ ಗಾಡಿ ದಾಟಿಸಲು ಒಂದು ಕಬ್ಬಿಣದ ಹಾಸು. ಚಾಚಾ ಅದರ ಮೇಲೆ ಬೈಕ್ ಹತ್ತಿಸಿದವರು ಅಲ್ಲೇ ನಿಂತರು. ಇಳಿದರು. ಚಪ್ಪಲಿಯಿಂದ ಕೆಸರು ಕೆರೆದರು. ಒಂದು ಕಬ್ಬಿಣದ ನವಿಲು ಕಾಣಿಸಿತು.

“ತಂಗೀ, ಹೊಸಾದು ಯಾಕ ಬೇಕವಾ? ನಿಮ್ಮ ಗೇಟ್ ಇಲ್ಲೇ ಮಲಗೇತಲ್ಲ. ಈ ಸೊಟ್ಟ ಕೊಕ್ಕು ನಂದ ಕೆಲಸ.”

ಎರಡು ವರ್ಷ ನಾನು ದಿನವೂ ಆ ನವಿಲಿನ ಮೇಲೆ ಸ್ಕೂಟಿ ಓಡಿಸಿದ್ದೆ. ಅರ್ಜಿ ಕೊಡಲು ಹೋದ ದಿನವೂ.

ಅಪ್ಪನ ಮುಖ ನೋಡಿದೆ. “ಕದ್ದಿಲ್ಲವಾ. ಗ್ವಾಡಿಗೆ ಸುಮ್ಮನ ನಿಂತಿತ್ತು. ನಿನ್ನ ಗಾಡಿ ಗಟಾರದಾಗ ಬೀಳಬಾರದಂತ ತಂದು ಹಾಕಿದೆ.” ಹೇಗೂ ಹೊಸದು ಮಾಡಿಸುತ್ತೀರಿ, ಇದು ಇಲ್ಲೇ ಇರಲಿ ಎಂದೂ ಸೇರಿಸಿದರು.

ಚಾಚಾ ವಾದಕ್ಕಿಳಿಯಲಿಲ್ಲ. ಚಹಾ ಮುಗಿಸಿ, ಕಪ್ ಕೆಳಗಿಟ್ಟು, “ಅವತ್ತ ರೋಡಿಗೆ ಓಡಿದ ಕೂಸು ಯಾರದ್ರಿ?” ಎಂದು ಕೇಳಿದರು.

ಇನ್ನು ಮುಚ್ಚಿಡಲಾಗಲಿಲ್ಲ. “ನಮ್ಮ ಪಿಂಕಿ” ಎಂದೆ.

ಅಪ್ಪ ಅಂಗಳದಲ್ಲಿ ಚೆಂಡು ಪುಟಿಸುತ್ತಿದ್ದ ಮೊಮ್ಮಗಳನ್ನು ನೋಡಿದರು. ಆಮೇಲೆ ಎದ್ದು ಹೋಗಿ, ಗೇಟಿನ ಒಂದು ತುದಿ ತಾವೇ ಹಿಡಿದರು.

ಈಗ ಗೇಟ್ ಪಾರ್ಕಿನಲ್ಲಿದೆ. ಚಾಚಾ ಚಿಲಕವನ್ನು ಮೇಲೆ ಕೂರಿಸಿದ್ದಾರೆ. “ಮೌಶಿ, ಚಿಲಕಾ ಸಿಗವಲ್ದು” ಎಂದು ಪಿಂಕಿ ನನ್ನನ್ನು ಕರೆದು ಅಳುತ್ತಾಳೆ. ಕೇಳಲು ಹಿತವಾಗಿದೆ. ನನ್ನ ಸ್ಕೂಟಿ ಬೀದಿಯಲ್ಲಿ ನಿಲ್ಲುತ್ತದೆ. (ನಿಮ್ಮ ಬೀದಿಯ ಪಾರ್ಕಿನದೂ ಏನಾದರೂ ಕಾಣೆಯಾಗಿದ್ದರೆ, ಅರ್ಜಿ ಬರೆಯುವ ಮೊದಲು ಮನೆಯ ಸುತ್ತ ಒಂದು ಸುತ್ತು ಹಾಕಿ.)

ಮೊನ್ನೆ ನಗರಸಭೆ ಕಚೇರಿಯಿಂದ ಫೋನ್ ಬಂತು. ಸಮಾಜಘಾತುಕರ ಬಗ್ಗೆ ಅನುಮಾನವೇನಾದರೂ ಇದ್ದರೆ ವಿಳಾಸ ಕೊಡಬೇಕಂತೆ.

ಅರ್ಜಿಯ ಕೊನೆಯಲ್ಲಿ, ನನ್ನ ಸಹಿಯ ಕೆಳಗೇ ಇದೆ ಎಂದೆ.