ಹಳದಿ ಗೆರೆಯ ಈಚೆ

ಆ ಭಾನುವಾರ ನನ್ನ ಮೊಮ್ಮಗಳು ಸಾಯುವುದರಲ್ಲಿದ್ದಳು. ಹೊಟ್ಟೆ ಖಾಲಿಯಿತ್ತು, ತಲೆ ತಿರುಗಿತು ಎಂದು ಅವಳು ಈಗಲೂ ಹೇಳುತ್ತಾಳೆ. ಸುಳ್ಳು. ನೀರುದೋಸೆ ತಿಂದೇ ಹೋದದ್ದು, ನಾನೇ ಹೊಯ್ದು ಕೊಟ್ಟದ್ದು. ಕಾಲೇಜಿರುವ ಪದವಿನ ಬೋಳುಗುಡ್ಡದ ಮೇಲೆ ಏನೋ ಪೀಡೆ ಸೋಂಕಿತು ಎಂದು ನೆರೆಮನೆಯವರು ಹೇಳುತ್ತಾರೆ. ಅದೂ ಸುಳ್ಳು. ಅವಳು ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಉಸಿರಾಡುವ ಗಾಳಿ ಇರಲಿಲ್ಲ. ಅಷ್ಟೇ.

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಮೊಮ್ಮಗಳ ತಾಯಿ, ಅಂದರೆ ನನ್ನ ಮಗಳು, ಕುವೈತಿನಲ್ಲಿ ನರ್ಸು. ಹಾಗಾಗಿ ಹುಡುಗಿ ಮಂಗಲ್ಪಾಡಿಯಲ್ಲಿ ನನ್ನ ಜೊತೆ ಇದ್ದಾಳೆ. ಹೊಸಂಗಡಿಯಿಂದ ಒಳಗೆ ಹೋಗುವ ಬಸ್ಸು ಹತ್ತಿದರೆ ಪದವಿನ ಮೇಲೆ ಒಂದು ಕಾಲೇಜು ಸಿಗುತ್ತದೆ. ಅಲ್ಲಿ ಅವಳು ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂದರೆ, ನನಗೆ ತಿಳಿದಷ್ಟು ಹೇಳುತ್ತೇನೆ. ಬೇರೆ ಬೇರೆ ಪುಡಿಗಳನ್ನು ಕಲ್ಲಿನ ಬಟ್ಟಲಲ್ಲಿ ಗಂಟೆಗಟ್ಟಲೆ ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು, ನನ್ನ ಬಿಪಿ ಮಾತ್ರೆಯಂಥ ಒಂದು ಕಪ್ಪು ಬಿಲ್ಲೆ ಮಾಡುತ್ತಾಳೆ. ಅದಕ್ಕೆ ಕೂದಲಿನಷ್ಟು ಸಣ್ಣ ತಂತಿಗಳನ್ನು ಅಂಟಿಸಿ ನೈಟ್ರೋಜನ್ ಎಂಬ ಭಯಂಕರ ತಣ್ಣನೆಯ ದ್ರವದಲ್ಲಿ ಇಳಿಸುತ್ತಾಳೆ. ಮನೆಯ ತಂತಿಯಲ್ಲಿ ಕರೆಂಟು ಹೋಗುವಾಗ ತಡೆ ಇರುತ್ತದೆ, ತಂತಿ ಬಿಸಿಯಾಗುತ್ತದೆ. ಈ ಬಿಲ್ಲೆ ಒಂದು ಮಟ್ಟಕ್ಕಿಂತ ತಣ್ಣಗಾದರೆ ತಡೆ ಎಂಬುದೇ ಇಲ್ಲವಂತೆ. ಅದಕ್ಕೆ ಸೂಪರ್‌ಕಂಡಕ್ಟರು ಎಂದು ಹೆಸರು. ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ಆ ಮಟ್ಟ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡುವುದು ಅವಳ ಕೆಲಸ.

"ಅದರಿಂದ ಜನಕ್ಕೆ ಎಂತ ಲಾಭ ಉಂಟು?" ಎಂದು ಒಮ್ಮೆ ಕೇಳಿದ್ದೆ.

"ಆಸ್ಪತ್ರೆಯ ದೊಡ್ಡ ಸ್ಕ್ಯಾನಿಂಗ್ ಮೆಷಿನ್ ಉಂಟಲ್ಲ ಅಜ್ಜಿ, ಅದರ ಒಳಗೆ ಇರುವುದು ಇಂಥದ್ದೇ."

"ಅದರ ಹತ್ತಿರ ಹೋಗ್ಬಾರ್ದು ಅಂತ ನಂಗೆ ಡಾಕ್ಟ್ರು ಹೇಳಿದ್ದಾರೆ. ಬೇರೆ ಎಂತಾದ್ರೂ ಮಾಡು."

ನನ್ನ ಎದೆಯಲ್ಲಿ ಪೇಸ್‌ಮೇಕರ್ ಇದೆ. ಅಯಸ್ಕಾಂತ ಆಗುವುದಿಲ್ಲ.

ವಾರದ ದಿನಗಳಲ್ಲಿ ಆ ಅಯಸ್ಕಾಂತ ಬೇರೆಯವರಿಗೆ ಬೇಕು. ಇವಳ ಪಾಲಿಗೆ ಸಿಗುವುದು ಭಾನುವಾರ. ಒಬ್ಬರೇ ಕೆಲಸ ಮಾಡಬಾರದು, ಇಬ್ಬರಿರಬೇಕು ಎಂದು ಅಲ್ಲಿ ನಿಯಮ. ಜೊತೆಗೆ ಇರುತ್ತಿದ್ದ ಹುಡುಗಿ ಆ ದಿನ ಶಿರಿಯದಲ್ಲಿ ಮದುವೆಗೆ ಹೋಗಿದ್ದಳು.

"ಅಜ್ಜಿ, ನೀವು ಬನ್ನಿ. ಇಬ್ಬರು ಬೇಕು ಅಂತ ಬರೆದದ್ದುಂಟು. ಎರಡನೆಯವರಿಗೆ ಡಿಗ್ರಿ ಬೇಕು ಅಂತ ಬರೆದದ್ದಿಲ್ಲ."

ಹೋದೆ. ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಳು. ಬಾಗಿಲಿನ ಬುಡದಲ್ಲಿ ಹಳದಿ ಗೆರೆ, ಬಾಗಿಲ ಮೇಲೆ ಹೃದಯದ ಚಿತ್ರಕ್ಕೆ ಅಡ್ಡ ಗೀಟು. "ಈ ಗೆರೆ ದಾಟ್ಲಿಕ್ಕಿಲ್ಲ" ಎಂದು ಬೆರಳು ತೋರಿಸಿ ಒಳಗೆ ಹೋದಳು. ಬಾಗಿಲಿಗೆ ಗಾಜು ಇತ್ತು, ಅವಳು ಕಾಣುತ್ತಿದ್ದಳು. ಹೊರಗೆ ಜಡಿಮಳೆ. ಬಿಲ್ಲೆಗೆ ತೇವ ತಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಸ್ವಲ್ಪ ಹೊತ್ತಿನಲ್ಲಿ ತಲೆ ಹೊರಗೆ ಹಾಕಿ, "ಗಾಳಿ ಎಳೆಯುವ ಫ್ಯಾನ್ ನಿಲ್ಲಿಸ್ತೇನೆ ಅಜ್ಜಿ. ಅದು ಅಲುಗಿದ್ರೆ ಕಂಪ್ಯೂಟರಿನಲ್ಲಿ ನನ್ನ ರೀಡಿಂಗೂ ಅಲುಗ್ತದೆ" ಎಂದಳು. ಗುರ್ ಎನ್ನುತ್ತಿದ್ದದ್ದು ನಿಂತಿತು.

ಆಮೇಲೆ ದೊಡ್ಡ ಕ್ಯಾನಿನಿಂದ ಸಣ್ಣದಕ್ಕೆ ನೈಟ್ರೋಜನ್ ಬಿಡುವಾಗ ಕೊಳವೆ ಜಾರಿತು. ನೆಲದ ಮೇಲೆಲ್ಲ ಬಿಳಿ ಹೊಗೆ ಹರಡಿತು. ಬಾಗಿಲಿನ ಸಂದಿಯಿಂದ ಹೊರಬಂದು ನನ್ನ ಪಾದಕ್ಕೆ ತಾಗಿತು. ಹೆಣ ಮುಟ್ಟಿದ ಹಾಗೆ ತಣ್ಣಗೆ. ಅವಳು ಕೊಳವೆ ಸರಿಮಾಡಿ ಪುನಃ ಕಂಪ್ಯೂಟರಿನ ಮುಂದೆ ಕೂತಳು. ನೈಟ್ರೋಜನ್ ಹಬ್ಬಿ ಉಸಿರಾಡುವ ಗಾಳಿ ಕಡಿಮೆಯಾದರೆ ಕೂಗಲೆಂದು ಗೋಡೆಯ ಮೇಲೆ ಇಟ್ಟ ಒಂದು ಸಣ್ಣ ಪೆಟ್ಟಿಗೆ ಕಿರುಚತೊಡಗಿತು. ಅವಳು ಏಳಲಿಲ್ಲ.

ನನ್ನ ಅಣ್ಣ ಸುರಂಗ ತೋಡುವವನಾಗಿದ್ದ. ನಮ್ಮ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದು ಒಳಗೆ ಹೋಗುತ್ತಾರೆ. ಜೊತೆಗೆ ಚಿಮಿಣಿ ದೀಪ ಇರುತ್ತದೆ. ದೀಪ ಸಣ್ಣದಾದರೆ ಗಾಳಿ ಕೆಟ್ಟಿತೆಂದು ಲೆಕ್ಕ, ಹೊರಗೆ ಬರಬೇಕು. ನಾನಾಗ ಸುರಂಗದ ಬಾಯಲ್ಲಿ ನಿಂತು ಮಣ್ಣಿನ ಬುಟ್ಟಿ ಹೊರುವ ಹುಡುಗಿ. ಒಂದು ದಿನ ದೀಪ ಆರಿದ್ದು ಕಂಡು ಅಪ್ಪ ಕೂಗಿದರು. ಒಳಗಿನಿಂದ ಅಣ್ಣ ನಕ್ಕ. ಕುಡಿದವನ ಹಾಗೆ ಖುಷಿಯಲ್ಲಿ ನಕ್ಕ. ಕಾಲು ಹಿಡಿದು ಎಳೆದು ಹಾಕಿದಾಗ ಉಸಿರು ಇರಲಿಲ್ಲ. ಗಾಳಿ ಕಡಿಮೆಯಾದವನಿಗೆ ಕಡಿಮೆಯಾದದ್ದು ಗೊತ್ತಾಗುವುದಿಲ್ಲ.

ನಾನು ಗಾಜಿಗೆ ಬಡಿದೆ. ಮೊಮ್ಮಗಳು ನಿಧಾನಕ್ಕೆ ತಿರುಗಿದಳು. ನನ್ನನ್ನು ನೋಡಿ ನಕ್ಕಳು.

ಅಣ್ಣ ನಕ್ಕ ಹಾಗೆಯೇ.

ಇಡೀ ಕಟ್ಟಡದಲ್ಲಿ ಯಾರೂ ಇಲ್ಲ. ವಾಚ್‌ಮನ್ ಇರುವುದು ಗೇಟಿನಲ್ಲಿ. ಕೂಗಿದರೆ ಮಳೆಗೆ ಕೇಳುವುದಿಲ್ಲ. ಬಾಗಿಲು ಎಳೆದು ಪೂರಾ ತೆರೆದೆ, ಅಡ್ಡಕ್ಕೆ ಕುರ್ಚಿ ಕೊಟ್ಟೆ. ಒಳಗೆ ನುಗ್ಗಲಿಲ್ಲ. ಜನ ಇದನ್ನು ಕೇಳಿ ಹುಬ್ಬು ಏರಿಸುತ್ತಾರೆ, ಏರಿಸಲಿ. ಅಯಸ್ಕಾಂತದ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೆಟ್ಟ ಗಾಳಿಯ ಬಾವಿಗೆ ಒಬ್ಬನ ಹಿಂದೆ ಇನ್ನೊಬ್ಬ ಇಳಿದರೆ ಹೆಣ ಎರಡಾಗುತ್ತದೆ. ನಾನೂ ಒಳಗೆ ಬಿದ್ದರೆ ಅವಳನ್ನು ಎಬ್ಬಿಸುವವರು ಯಾರು?

ಗೆರೆಯ ಈಚೆ ನಿಂತು ಬೈದೆ. ಬರೆಯಲಿಕ್ಕಾಗದ ಬೈಗುಳಗಳು. ಅವಳ ಅಪ್ಪನನ್ನೂ ಸೇರಿಸಿ ಬೈದೆ. "ಏಳು ಹೆಣ್ಣೇ! ಎದ್ದು ಬಾ! ನಿನ್ನ ಹಾಳು ಬಿಲ್ಲೆಗೆ ಬೆಂಕಿ ಬೀಳ್ಲಿ, ಬಾ!"

"ಒಂದೇ ನಿಮಿಷ ಅಜ್ಜಿ..." ನಾಲಿಗೆ ದಪ್ಪವಾದವಳ ಮಾತು. "ತಡೆ ಇಳೀತಾ ಉಂಟು..."

"ಬರ್ತೀಯಾ, ನಾನು ಒಳಗೆ ಬರ್ಬೇಕಾ?" ಎಂದು ಒಂದು ಕಾಲು ಎತ್ತಿದೆ.

ಅದು ತಲೆಗೆ ಹೋಯಿತು ಕಾಣುತ್ತದೆ. "ನೀವು ಬೇಡ, ನೀವು ಬೇಡ" ಎನ್ನುತ್ತ ಮೇಜು ಹಿಡಿದು, ಗೋಡೆ ಹಿಡಿದು ಬಂದಳು. ಬಾಗಿಲ ಹತ್ತಿರ ಮೊಣಕಾಲು ಮಡಚಿತು. ಜಡೆ ಕೈಗೆ ಸಿಕ್ಕಿತು. ಜಡೆ ಹಿಡಿದೇ ಎಳೆದೆ.

ಜಗಲಿಯಲ್ಲಿ ಮಳೆಯ ಇರಚಲಿಗೆ ಮುಖ ಕೊಟ್ಟು ಮಲಗಿಸಿದೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ತುಟಿಗೆ ಬಣ್ಣ ಬರುವವರೆಗೆ ನಾನು ಅವಳ ಎದೆ ಏಳುವುದು, ಇಳಿಯುವುದು ಅಷ್ಟನ್ನೇ ನೋಡಿದೆ. ಕಣ್ಣು ನೆಟ್ಟಗಾದ ಕೂಡಲೇ ಅವಳು ಅತ್ತದ್ದು ಜೀವ ಉಳಿದದ್ದಕ್ಕಲ್ಲ.

"ರೀಡಿಂಗ್ ಪೂರಾ ಹೋಯ್ತು ಅಜ್ಜಿ. ಈಗ ಸೊನ್ನೆಗೆ ಬರ್ತಿತ್ತು."

"ನೀನೇ ಸೊನ್ನೆಯಾಗ್ತಿದ್ದಿ."

ಆಮೇಲೆ ನನ್ನ ಕೈ ಹಿಡಿದಳು. "ನನ್ನ ಗೈಡ್ ಸರ್‌ಗೆ ಹೇಳ್ಬೇಡಿ. ಗೊತ್ತಾದ್ರೆ ಲ್ಯಾಬಿನ ಕೀ ತೆಗೀತಾರೆ. ಈ ವರ್ಷ ಥೀಸಿಸ್ ಕೊಡ್ಲಿಕ್ಕಾಗುದಿಲ್ಲ. ನನ್ನಾಣೆ."

ಹೂಂ ಎಂದೆ. ಆಗಷ್ಟೇ ಉಸಿರು ಬಂದ ಹುಡುಗಿಗೆ ಮತ್ತೇನು ಹೇಳುವುದು?

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ನಾನು ಅವಳ ಮೂಗಿನ ಹತ್ತಿರ ಬೆರಳು ಹಿಡಿದದ್ದನ್ನು ನೋಡಿ ಕಂಡಕ್ಟರು ನಕ್ಕ. ಆಸ್ಪತ್ರೆಗೆ ಹೋಗುವಾ ಎಂದರೆ ಕೇಳಲಿಲ್ಲ. ಊಟಕ್ಕೆ ಕೂತಾಗ ಬಣ್ಣ ಬಂದಿತ್ತು, ಬಾಯಿಯೂ ಬಂದಿತ್ತು. "ಮುಂದಿನ ಭಾನುವಾರ ಬೇಗ ಹೋಗ್ತೇನೆ. ನೀವು ಬರುವುದು ಬೇಡ, ಬೈದು ಕಟ್ಟಡ ಬೀಳಿಸ್ತೀರಿ" ಎಂದು ಮೀನುಸಾರಿಗೆ ಅನ್ನ ಕಲಸಿದಳು. ಅವಳಿಗೆ ಹೆದರಿಕೆ ಆಗಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಬಸ್ಸು ಹತ್ತಿದೆ. ಸರ್ ಕೊಡೆ ಮಡಚುತ್ತ ಬರುವಾಗ ಅವರ ಕೋಣೆಯ ಎದುರು ನಿಂತಿದ್ದೆ. ಯಾರೆಂದು ಹೇಳಿದೆ. ಫ್ಯಾನು ನಿಲ್ಲಿಸಿದ್ದು, ಕೊಳವೆ ಜಾರಿದ್ದು, ತುಟಿಯ ಬಣ್ಣ, ಎಲ್ಲ ಹೇಳಿದೆ. ಅವರ ಮುಖ ಬಿಳಿಚಿತು. "ಕೂತ್ಕೊಳ್ಳಿ ಅಮ್ಮಾ" ಎಂದರು.

"ಕೂತ್ಕೊಳ್ಲಿಕ್ಕೆ ಬಂದದ್ದಲ್ಲ" ಎಂದೆ. "ಅವಳ ಹತ್ತಿರ ಇರುವ ಕೀ ತೆಗೀರಿ. ನಾನೇ ಹೇಳಿದ್ದು ಅಂತ ಹೇಳಿ."