ಕೂತಲ್ಲಿಂದಲೇ ಹಾಯಿ

ಕೋಟೇಶ್ವರದ ಅಚ್ಯುತ ಐತಾಳರು ಸೂರತ್‌ನಲ್ಲಿ ರೈಲ್ವೆ ಸಿಗ್ನಲ್ ಇನ್ಸ್‌ಪೆಕ್ಟರ್. ಸಾವಿರದ ಒಂಬೈನೂರ ಅರವತ್ತನಾಲ್ಕರ ಸುಮಾರಿಗೆ ಪಕ್ಕದ ಮನೆಯ ಪಾರ್ಸಿ ಮುದುಕ ಸೊರಾಬ್‌ಜಿ ಮುಂಬಯಿಗೆ ಮನೆ ಬದಲಿಸುವಾಗ ತನ್ನ ಹಾಯಿದೋಣಿಯನ್ನು ಇವರ ಕೊರಳಿಗೆ ಕಟ್ಟಿ ಹೋದ. ಇಬ್ಬರು ಮಲಗುವಷ್ಟು ಕೋಣೆ, ಹಿಂದೆ ಚುಕ್ಕಾಣಿ ಹಿಡಿದು ಕೂರುವ ಗುಂಡಿ, ಮುಂದೆ ಹಾಯಿಕಂಬ.

ಹಾಯಿ ಏರಿಸಲಿಕ್ಕೂ ಇಳಿಸಲಿಕ್ಕೂ ಕೋಣೆಯ ಮಾಡು ಹತ್ತಿ ಕಂಬದ ಬುಡಕ್ಕೆ ಹೋಗಬೇಕು. ಐತಾಳರದ್ದು ತೂಕದ ಶರೀರ. ಎರಡು ಸಲ ತಾಪಿ ನದಿಗೆ ಬಿದ್ದರು. ಎರಡನೆಯ ಸಲ ಹೆಂಡತಿ ಸುಲೋಚನಾ ಪಂಚೆ ಹಿಡಿದು ಎಳೆದರೆ ಪಂಚೆ ಮಾತ್ರ ಮೇಲೆ ಬಂತು.

"ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ಲಿವರ್ ಎಳೆದ್ರೆ ಅರ್ಧ ಮೈಲಿ ಆಚೆ ಕೈಮರ ಬೀಳ್ತದೆ. ಮೂಗಿನೆದುರಿನ ಹಾಯಿ ಬೀಳ್ತಿಲ್ಯಾ?" ಎಂದರು ಐತಾಳರು, ಒದ್ದೆ ತಲೆ ಒರೆಸಿಕೊಳ್ಳುತ್ತ.

ಆಮೇಲಿನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಕಂಬದ ಬುಡಕ್ಕೊಂದು ರಾಟೆ, ಮಾಡಿನ ಅಂಚಿಗೊಂದು, ಮೂಲೆಗೆ ಇನ್ನೊಂದು. ಹಗ್ಗಗಳೆಲ್ಲ ಬಳುಕಿ, ತಿರುಗಿ ಹಿಂದಿನ ಗುಂಡಿಗೆ ಬಂದು ಸೇರಿದವು.

"ಎಂತ ಇದು, ದೋಣಿಯಾ, ನೂಲಿನ ಗಿರಣಿಯಾ?" ಎಂದರು ಸುಲೋಚನಾ.

ಉದ್ಘಾಟನೆಯ ದಿನ ಸ್ಟೇಷನ್ನಿನವರು ಹಾರ ಹಿಡಿದು ಕೋಟೆಯ ಬಳಿ ದೋಣಿ ಕಟ್ಟುವ ಧಕ್ಕೆಯಲ್ಲಿ ನಿಂತಿದ್ದರು. ದೋಣಿ ನದಿಯ ಮೇಲಿನಿಂದ ಠೀವಿಯಾಗಿ ಬಂತು. ಬೆನ್ನಿಗೆ ಗಾಳಿ, ಕೆಳಗೆ ಇಳಿತದ ಸೆಳೆತ. ಧಕ್ಕೆಗೆ ನಿಲ್ಲಿಸಲು ಹಾಯಿ ಇಳಿಯಲೆಂದು ಐತಾಳರು ಕೂತಲ್ಲಿಂದಲೇ ಹಗ್ಗ ಸಡಿಲಿಸಿದರು. ಹಾಯಿ ಮಿಸುಕಲಿಲ್ಲ. ಅಷ್ಟೊಂದು ತಿರುವುಗಳಲ್ಲಿ ಹಗ್ಗ ಬಿಗಿದು ಕೂತಿತ್ತು.

"ಬಿಡಿ ಅಂದ್ರೆ!" ಎಂದರು ಪಕ್ಕದಲ್ಲಿ ಕೂತಿದ್ದ ಸುಲೋಚನಾ.

"ಬಿಟ್ಟಾಯ್ತು ಮಾರಾಯ್ತಿ!"

ಧಕ್ಕೆ ಹಿಂದೆ ಸರಿಯಿತು. "ಅರೆ ಐತಾಳಭಾಯ್, ಕ್ಯಾಂ ಜಾಓ ಛೋ?" ಎಲ್ಲಿಗೆ ಹೊರಟಿರಿ ಎಂದು ಬುಕಿಂಗ್ ಕ್ಲರ್ಕ್ ಹಾರ ಬೀಸುತ್ತ ಕೂಗಿದ.

"ಈಗ ಬಂದೆ!" ಎಂದು ಐತಾಳರು ಗಂಭೀರವಾಗಿ ಕೈಯೆತ್ತಿದರು.

ನದಿಯ ಕೆಳಗಿನ ಮಗ್ದಲ್ಲಾ ಊರಿನ ಕೆಸರಿನಲ್ಲಿ ದೋಣಿ ಹೂತಾಗಲೇ ಪ್ರಯಾಣ ನಿಂತದ್ದು. ಐತಾಳರು ಮಾಡಿನ ಮೇಲೆ ಅಂಬೆಗಾಲಿಟ್ಟು ಹೋಗಿ ಕಂಬಕ್ಕೆ ಜೋತುಬಿದ್ದು ಹಾಯಿ ಇಳಿಸಿದರು. ಉಬ್ಬರ ಬರುವವರೆಗೆ ಗಂಡಹೆಂಡಿರು ಅತಿಥಿಗಳಿಗೆಂದು ತಂದ ಗೋಳಿಬಜೆ ತಿನ್ನುತ್ತ ಕೂತರು.

"ತಿರುವು ಜಾಸ್ತಿ ಆಯ್ತು," ಎಂದು ಐತಾಳರೇ ಒಪ್ಪಿಕೊಂಡರು. ಒಂದು ರಾಟೆ ಕಿತ್ತರು, ಉಳಿದವನ್ನು ನೇರ ಮಾಡಿದರು, ಹಾಯಿಯನ್ನು ಕೆಳಕ್ಕೆ ಎಳೆಯಲೆಂದೇ ಬೇರೊಂದು ಹಗ್ಗ ಕಟ್ಟಿದರು.

"ಮತ್ತೊಂದು ಹಗ್ಗವಾ!" ಎಂದು ಸುಲೋಚನಾ ಹಣೆ ಚಚ್ಚಿಕೊಂಡರೂ, ಎಳೆದು ನೋಡಿದ್ದು ಅವರೇ. ಹಾಯಿ ದೊಪ್ಪನೆ ಬಿತ್ತು.

ಏರ್ಪಾಡು ಎಷ್ಟು ಸಲೀಸಾಯಿತೆಂದರೆ, ಚುಕ್ಕಾಣಿಯನ್ನು ಕಂಕುಳಲ್ಲಿ ಇರುಕಿಕೊಂಡು ಸುಲೋಚನಾ ಒಬ್ಬರೇ ಎಲ್ಲವನ್ನೂ ನಿಭಾಯಿಸತೊಡಗಿದರು. ಆ ಚಳಿಗಾಲ ಮುಗಿಯುವ ಹೊತ್ತಿಗೆ ಸಮುದ್ರದಂಚಿನ ಡುಮಸ್‌ನ ತನಕ ಹೋಗಿ ಬರುತ್ತಿದ್ದರು. ರಜೆ ಸಿಕ್ಕಾಗ ಐತಾಳರನ್ನೂ ಕರೆದುಕೊಂಡು ಹೋಗುತ್ತಿದ್ದರು.