ಹಳೆಯದನ್ನೇ ತೋರಿಸುವ ಪರದೆ

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಚಹಾ ಇಡುವ ನೆಪ ಹೇಳಿ ಒಳಗೆ ಹೋಗುವವಳು ನಾನು. ಇದನ್ನು ಓದಿ ನೀವು ನಕ್ಕರೂ ನನಗೇನೂ ಬೇಜಾರಿಲ್ಲ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಕೊನೆ. ನನ್ನ ಗಂಡ ಸುಧಾಕರ ಮತ್ತು ನಾನು ಡೊಂಬಿವಲಿಯಿಂದ ತುರ್ಭೆಯ ಒಂದು ಸಣ್ಣ ಕಂಪನಿಗೆ ಒಟ್ಟಿಗೆ ಹೋಗುತ್ತಿದ್ದೆವು. ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಎಡಿಟರ್ ಎಂಬ ತಂತ್ರಾಂಶವೊಂದನ್ನು ಅಲ್ಲಿ ತಯಾರಿಸುತ್ತಿದ್ದೆವು. ಅದರೊಳಗಿನ ಡಿಬಗ್ಗರ್ ನನ್ನ ಗಂಡನ ಕೂಸು. ಪ್ರೋಗ್ರಾಮನ್ನು ಒಂದೊಂದೇ ಸಾಲು ಓಡಿಸಿ, ಎಲ್ಲಿ ತಪ್ಪಿತೆಂದು ತೋರಿಸುವುದು ಅದರ ಕೆಲಸ. ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿಯೇ ತೋರಿಸುತ್ತಿತ್ತು. ಹೊಸ ಬಗೆಯ ಕಂಪ್ಯೂಟರಿನಲ್ಲಿ ಮಾತ್ರ ಹಾಳಾದ್ದು ಒಂದು ಸಾಲು ಹಿಂದೆ ಬೀಳುತ್ತಿತ್ತು. ಒಳಗೆ ಸಂಖ್ಯೆ ಬದಲಾಗಿದ್ದರೂ ಪರದೆಯ ಮೇಲೆ ಹಿಂದಿನದೇ.

ಆ ತಪ್ಪನ್ನು ಹಿಡಿಯಲು ನಾವು ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದೆವು. ಅವರು ಹಳೆಯದರ ಮುಂದೆ, ನಾನು ಹೊಸದರ ಮುಂದೆ, ಎರಡರಲ್ಲೂ ಓಡುತ್ತಿದ್ದುದು ಡಿಬಗ್ಗರಿನದೇ ಪ್ರೋಗ್ರಾಂ. ಒಂದು ಸಾಲು ಮುಗಿದಾಗ ಅವರು ಬೆರಳ ಗೆಣ್ಣಿನಿಂದ ಮೇಜಿಗೆ ಟಕ್ ಎಂದು ಬಡಿಯುವುದು, ನಾನು ಮುಂದಿನ ಸಾಲಿಗೆ ಕೀ ಒತ್ತುವುದು. ನನಗೆ ಗೊಂದಲವಾದರೆ, "ಆ ಪರದೆ ನಂಬಬೇಡ ಮಾರಾಯ್ತಿ, ಅದು ಹಳೇದನ್ನೇ ತೋರಿಸ್ತದೆ. ನನ್ನ ಟಕ್ ಕೇಳು, ಸಾಕು" ಎನ್ನುತ್ತಿದ್ದರು.

ಆ ಮಳೆಗಾಲ ಕಾಮಾಲೆ ಅವರನ್ನು ಕೊಂಡೊಯ್ದಿತು. ಅದರ ಬಗ್ಗೆ ಇನ್ನೇನು ಬರೆಯಲಿ? ಕ್ರಿಯೆಗಳೆಲ್ಲ ಮುಗಿದು ಕೆಲಸಕ್ಕೆ ಮರಳಿದಾಗ, ಬಿಜಾಪುರದ ಕಡೆಯ ನಮ್ಮ ಮಾಲೀಕರು ಕಣ್ಣು ತಪ್ಪಿಸಿ ಹೇಳಿದರು: "ತಂಗಿ, ಇದೊಂದು ವಾರ ನೋಡು. ಆಗಲಿಲ್ಲಂದ್ರ ಆ ಡಿಬಗ್ಗರ್ ತಗದು ಬ್ಯಾರೇದು ಹಾಕೂಣು. ಗಿರಾಕಿ ಕಾಯೂದಿಲ್ಲ." ಸುಧಾಕರ ಬಿಟ್ಟುಹೋದದ್ದು ಅದೊಂದೇ. ಅದನ್ನೂ ಕಿತ್ತು ಬಿಸಾಡುತ್ತಾರಲ್ಲ ಎಂದುಕೊಂಡು ಹೊಸ ಕಂಪ್ಯೂಟರಿನ ಮುಂದೆ ಕೂತೆ.

ವಾರದ ಕೊನೆಯ ದಿನ, ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದರು. ನನ್ನ ಬೆನ್ನ ಹಿಂದಿನ ಹಳೆಯ ಕಂಪ್ಯೂಟರ್ ಆಫ್ ಆಗಿತ್ತು. ಡಬ್ಬಿ ತೆರೆಯದೆ ಪರದೆ ನೋಡುತ್ತ ಕುಳಿತಿದ್ದೆ. ಆಗ ಹಿಂದಿನ ಮೇಜಿನಿಂದ ಟಕ್ ಎಂದಿತು.

ಯೋಚನೆ ಬರುವ ಮೊದಲೇ ಕೈ ಕೀ ಒತ್ತಿತ್ತು. ಮತ್ತೆ ಟಕ್, ಮತ್ತೆ ಒತ್ತಿದೆ. ತಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿದೆ. ಕಣ್ಣೀರಿನಲ್ಲಿ ಪರದೆಯೂ ಕಾಣುತ್ತಿರಲಿಲ್ಲ. ಒಂದು ಸಾಲಿಗೆ ಬಂದಾಗ ಸದ್ದು ನಿಂತಿತು. ಕಣ್ಣೊರೆಸಿಕೊಂಡು ನೋಡಿದರೆ ತಪ್ಪು ಅಲ್ಲೇ ಇತ್ತು: ಹೊಸ ಸಂಖ್ಯೆಯನ್ನು ತರುವ ಮೊದಲೇ ಡಿಬಗ್ಗರ್ ಹಳೆಯದನ್ನು ಪರದೆಗೆ ಬರೆದುಬಿಡುತ್ತಿತ್ತು. ಹಳೆಯ ಕಂಪ್ಯೂಟರ್ ಪರದೆಯನ್ನು ಎರಡೆರಡು ಸಲ ಬರೆಯುತ್ತಿದ್ದುದರಿಂದ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಎರಡು ಸಾಲುಗಳನ್ನು ಅದಲು ಬದಲು ಮಾಡಿದೆ. ಸರಿಹೋಯಿತು.

"ಭಲೇ ತಂಗಿ! ಸುಧಾಕರನ ಕೆಲಸ ಉಳೀತು" ಎಂದರು ಮಾಲೀಕರು. ಸೆಕೆಗೆ ಮರದ ಮೇಜು ಸಿಡಿದಿರಬಹುದು, ಹಲ್ಲಿ ಇರಬಹುದು ಎಂದೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಸಾಲಿನಲ್ಲೇ ಯಾಕೆ ನಿಂತಿತು? ಈಗಲೂ ಗೊತ್ತಿಲ್ಲ.

ಮರುವಾರ ಎಲ್ಲರೂ ಊಟಕ್ಕೆ ಹೋದ ಮೇಲೆ, ಆ ಎರಡು ಸಾಲುಗಳನ್ನು ನಾನೇ ಮತ್ತೆ ತಪ್ಪು ಮಾಡಿಟ್ಟೆ. ಪರದೆ ಮೊದಲಿನಂತೆ ಹಳೆಯದನ್ನೇ ತೋರಿಸತೊಡಗಿತು. ಕೀಯ ಮೇಲೆ ಬೆರಳಿಟ್ಟು ಕಾದೆ. ಊಟ ಮುಗಿಸಿ ಎಲ್ಲರೂ ಬಂದರು. ಹಿಂದಿನ ಮೇಜು ಸುಮ್ಮನೇ ಇತ್ತು.